ಇಳಿಯುವಾಗ...

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ಆದ್ರೆ ನಿಜ ಹೇಳ್ಬೇಕಂದ್ರೆ ಸೋಮಾರಿತನ :-) ಹೋದ ತಿಂಗಳು ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೇಲಿ ಕೂತುಬಿಟ್ಟಿದೆ. ಬರೆದು ಹಾಕದೆ ಅದು ಬಿಡೋ ಹಾಗೆ ಕಾಣಲ್ಲ.

ಅಪ್ಪಯ್ಯನ ಮಂಡಿ ಆಪರೇಷನ್ ಬೆಂಗಳೂರಲ್ಲಿ ಆಗಿತ್ತು. ವಾಪಸ್ಸು ಕೊಪ್ಪಕ್ಕೆ ಕರ್ಕೊಂಡು ಹೋಗಬೇಕು. ಎಂಟು ಗಂಟೆ ಕಾರಲ್ಲಿ ಕಾಲು ಮಡಚಿ ಕೂರೋದು ಆಗದ ಮಾತು. ಶಿವಮೊಗ್ಗಕ್ಕೆ 2023ರಿಂದ ವಿಮಾನ ಇದೆ, ನರಸಿಂಹರಾಜಪುರದ ಅತ್ತೆ ಮನೆಗೆ ಅದೇ ಹತ್ತಿರ ಕೂಡ. ಆದ್ರೆ ನಮಗೆ ಬೇಕಾದ ದಿನ ಟೈಮು ಹೊಂದಲಿಲ್ಲ. ಹಾಗಾಗಿ ಮಂಗಳೂರಿಗೆ ಹಾರಿ, ಅಲ್ಲಿಂದ ಕಾರ್ಕಳ, ಬಜಗೋಳಿ, ಕೆರೆಕಟ್ಟೆ ಮೇಲೆ ಶೃಂಗೇರಿ ಹತ್ತೋದು ಅಂತ ತೀರ್ಮಾನ ಆಯ್ತು. ಅಪ್ಪಯ್ಯನಿಗೆ ಅದು ಮೊದಲ ವಿಮಾನ. ಕಿಟಕಿ ಸೀಟೇ ಬೇಕು ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ನಾನು ಆ ಸೀಟಲ್ಲಿ ಕೂತ್ಕೊಳ್ಳೋಕೆ ಹೋದಾಗ ಮುಖ ನೋಡಬೇಕಿತ್ತು.

ಮಂಗಳೂರು ಹತ್ರ ಬಂತು. ಮಳೆಗಾಲದ ಮೋಡ, ಹತ್ತಿ ಒಳಗೆ ತಲೆ ತುರುಕಿದ ಹಾಗೆ. ಚಕ್ರ ಬಿಚ್ಚಿದ ಸದ್ದು ಕೇಳಿತು. ಒಂದು ಕ್ಷಣ ಕೆಳಗೆ ಹಸಿರು ಗುಡ್ಡ, ಕೆಂಪು ಹಂಚಿನ ಮನೆ ಕಂಡ್ವು. ಅಷ್ಟರಲ್ಲಿ ಇಂಜಿನ್ ಒಮ್ಮೆಲೇ ಗರ್ಜಿಸಿ, ಮೂತಿ ಮೇಲೆತ್ತಿ, ಮತ್ತೆ ಮೋಡದೊಳಗೆ!

"ಎಂತಾ ಆಯ್ತು ಮಾರಾಯ? ಇವಂಗೆ ಇಳಿಸ್ಲಿಕ್ಕೆ ಬರಲ್ವಾ?" ಅಂದ್ರು ಅಪ್ಪಯ್ಯ.

ಹಿಂದಿನ ಸೀಟಿನವರು ಯಾರೋ, ಕನೆಕ್ಟಿಂಗ್ ಬಸ್ಸು ಹೋಯ್ತು, ಈಗಿನ ಪೈಲಟ್‌ಗಳೆಲ್ಲಾ ಹುಡುಗ್ರು ಅಂತ ಗೊಣಗ್ತಾ ಇದ್ರು. ನನಗೆ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟೋಣ ಅನ್ನಿಸ್ತು. ಸೀಟ್ ಬೆಲ್ಟ್ ಇತ್ತು, ಸುಮ್ಮನಾದೆ.

ಯಾಕೆ ಹಾಗನ್ನಿಸ್ತು ಅಂತ ಹೇಳಬೇಕಾದ್ರೆ 2010ಕ್ಕೆ ಹೋಗ್ಬೇಕು. ಮೇ 22, ಶನಿವಾರ. ನನಗೆ ಹದಿಮೂರೋ ಏನೋ, ಬೇಸಿಗೆ ರಜೆ. ಬೆಳಗ್ಗೆ ತಿಂಡಿ ಹೊತ್ತಿಗೆ ಪಕ್ಕದ ಮನೆಯವರು ಓಡಿ ಬಂದು ಟಿವಿ ಹಾಕಿ ಅಂದ್ರು. ಬಜ್ಪೆ ಪಕ್ಕದ ಕೆಂಜಾರಿನ ಕಣಿವೇಲಿ ಹೊಗೆ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ಅದರಲ್ಲಿದ್ದ 166 ಜನರಲ್ಲಿ ಉಳಿದದ್ದು 8. ಮಂಗಳೂರು, ಕಾಸರಗೋಡು ಕಡೆಯ ಮನೆಗಳಿಗೆ ರಜೆಗೆ ಬರ್ತಿದ್ದ ಮಕ್ಕಳು, ಮರಿ... ಅಮ್ಮ ದೋಸೆ ಕಾವಲಿ ಒಲೆ ಮೇಲೇ ಬಿಟ್ಟು ಬಂದು ನಿಂತಿದ್ದು, ದೋಸೆ ಸೀದ ವಾಸನೆ, ಎರಡೂ ನನಗೆ ಆ ಟಿವಿ ಚಿತ್ರದ ಜೊತೆಗೇ ನೆನಪಿರೋದು.

ಎಲ್ಲರೂ ಆಗ ಹೇಳಿದ್ದು ರನ್‌ವೇ ಗಿಡ್ಡ, ಗುಡ್ಡದ ತುದಿ, ಟೇಬಲ್ ಟಾಪ್ ಅಂತ. ಇಂಜಿನಿಯರಿಂಗ್ ಸೇರಿದ ಮೇಲೆ ತನಿಖಾ ವರದಿ ಕೂತು ಓದಿದೆ (ಸಿಲಬಸ್ ಓದೋಕೆ ಬೇಜಾರಾದಾಗ ನಾನು ಇಂಥದ್ದನ್ನೆಲ್ಲ ಓದ್ತೀನಿ). ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ. ಓದಿದ ಮೇಲೆ ಗೊತ್ತಾಗಿದ್ದು, ಕಥೆ ರನ್‌ವೇಯಲ್ಲಿ ಶುರು ಆಗಿದ್ದಲ್ಲ ಅಂತ. ಅದು ಶುರು ಆಗಿದ್ದು ಅರಬ್ಬಿ ಸಮುದ್ರದ ಮೇಲೆ, 37,000 ಅಡಿಯಲ್ಲಿ.

ವಿಮಾನ ಇಳಿಸೋಕೆ ಒಂದು ಬಾಯಿಲೆಕ್ಕ ಇದೆ. ಎಷ್ಟು ಸಾವಿರ ಅಡಿ ಇಳೀಬೇಕೋ ಅದನ್ನ ಮೂರರಿಂದ ಗುಣಿಸಿ, ಅಷ್ಟು ನಾಟಿಕಲ್ ಮೈಲಿ ಮೊದಲೇ ಇಳಿಯೋಕೆ ಶುರು ಮಾಡಬೇಕು. 37 ಗುಣಿಸು 3, ಅಂದ್ರೆ 111. ವೇಗ ಕಮ್ಮಿ ಮಾಡ್ಕೊಳ್ಳೋಕೆ ಇನ್ನೂ ಹತ್ತು ಸೇರಿಸಿ. ಅವತ್ತು ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ರಾಡಾರ್ ಇಲ್ಲದಿದ್ರೆ ಎರಡು ವಿಮಾನದ ನಡುವೆ ಅಂತರ ಕಾಯೋದು ಹಳೇ ಪದ್ಧತಿಯಲ್ಲಿ, ಬಾಯಿಮಾತಿನ ಲೆಕ್ಕದಲ್ಲಿ. ಸಹಪೈಲಟ್ ಹೆಚ್.ಎಸ್. ಅಹ್ಲುವಾಲಿಯಾ 130 ಮೈಲಿ ಇರುವಾಗಲೇ ಇಳಿಯಲಾ ಅಂತ ಕೇಳಿದ್ರು. ಸರಿಯಾದ ಹೊತ್ತಿಗೇ ಕೇಳಿದ್ದು. ಈಗ ಬೇಡ ಅಂದ್ರು. ಅನುಮತಿ ಸಿಕ್ಕಿದ್ದು 80 ಮೈಲಿಗೆ. ಬಾಯಿಲೆಕ್ಕ ಹಾಕಿ ನೋಡಿ, 40 ಮೈಲಿ ಖೋತಾ.

ಈ ಖೋತಾ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳೋದೇ ಬೇಡ. ನನ್ನ ಚಿಕ್ಕಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. (ಕೊಪ್ಪದ ಬಸ್ಸು ಅಂದ ಕೂಡಲೇ ಎಲ್ಲರೂ ಸಹಕಾರ ಸಾರಿಗೆ ಅಂದ್ಕೊಳ್ತಾರೆ, ಪಾಪ ಅದು 2020ರಲ್ಲಿ ನಿಂತೇ ಹೋಯ್ತು. ಚಿಕ್ಕಪ್ಪ ಇದ್ದದ್ದು ಬೇರೆ ಕಡೆ.) ಆಗುಂಬೆ ಘಾಟಿಯ 14 ತಿರುವನ್ನ ಮಿನಿ ಬಸ್ಸಲ್ಲಿ ವರ್ಷಗಟ್ಟಲೆ ಇಳಿಸಿದ ಮನುಷ್ಯ. ನಾನು ಚಿಕ್ಕವನಿದ್ದಾಗ ಇಂಜಿನ್ ಪಕ್ಕದ ಸೀಟಲ್ಲಿ ಕೂರಿಸಿಕೊಂಡು ಹೇಳ್ತಿದ್ರು, "ಬ್ರೇಕು ಇರೋದು ನಿಲ್ಲಿಸ್ಲಿಕ್ಕೆ ಮಾರಾಯ, ಇಳೀಲಿಕ್ಕೆ ಅಲ್ಲ. ಇಳೀಲಿಕ್ಕೆ ಗೇರು. ಮೊದಲನೇ ತಿರುವಿಗೇ ಗೇರು ಇಳಿಸಿರಬೇಕು. ಐದನೇ ತಿರುವಲ್ಲಿ ನೆನಪಾದ್ರೆ ಎಂತ ಪ್ರಯೋಜನ?" ವಿಮಾನದ್ದೂ ಇದೇ ಕಥೆ. ಬೇಗ ಕೆಳಗೆ ಹೋಗೋದು, ಬೇಗ ನಿಧಾನ ಆಗೋದು, ಎರಡೂ ಒಟ್ಟಿಗೆ ಆಗೋದು ಕಷ್ಟ. ಒಂದನ್ನ ಸರಿ ಮಾಡೋಕೆ ಹೋದ್ರೆ ಇನ್ನೊಂದು ಕೆಡುತ್ತೆ.

ಆದ್ರೂ ತಡವಾಗಿ ಅನುಮತಿ ಸಿಕ್ಕಿದ್ದೇ ಕಾರಣ ಅಂತ ವರದಿ ಹೇಳಲ್ಲ. 80 ಮೈಲಿಯಲ್ಲೂ ಯೋಚನೆ ಮಾಡಿ ಇಳಿದಿದ್ರೆ ಆಗ್ತಿತ್ತು, ಆಗದಿದ್ರೆ ಇನ್ನೊಂದು ಸುತ್ತು ಹಾಕಬಹುದಿತ್ತು. ಆದ್ರೆ ಕ್ಯಾಪ್ಟನ್ ಜ್ಲಾಟ್ಕೊ ಗ್ಲೂಸಿಕಾ ನಿದ್ದೆ ಮಾಡಿದ್ರು. ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿದ ಅನುಭವಿ. ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಸುಮಾರು 1 ಗಂಟೆ 40 ನಿಮಿಷ ಮಾತೇ ಇಲ್ಲ, ಗೊರಕೆ ಕೇಳುತ್ತೆ. ಎದ್ದ ಮೇಲೂ ಆ ಮಂಪರು ಪೂರ್ತಿ ಇಳಿದಿರಲಿಲ್ಲ ಅನ್ನೋದು ತನಿಖೆಯವರ ಅಭಿಪ್ರಾಯ. ರನ್‌ವೇಗೆ ಎರಡೂವರೆ ಮೈಲಿ ಇರುವಾಗ ಅವರು ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಮೇಲಿದ್ರು. ಮೂತಿ ಕೆಳಗೆ ಮಾಡಿ ಧುಮುಕಿಸಿದ್ರು. ರನ್‌ವೇ ಅಂಚನ್ನ 50 ಅಡಿ ಎತ್ತರದಲ್ಲಿ ದಾಟಬೇಕು, ದಾಟಿದ್ದು ಸುಮಾರು 200 ಅಡಿಯಲ್ಲಿ. ವೇಗ 144 ನಾಟ್ ಇರಬೇಕು, ಇದ್ದದ್ದು 160ಕ್ಕೂ ಹೆಚ್ಚು. 8,033 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಇಷ್ಟರ ಮಧ್ಯೆ ಸಹಪೈಲಟ್ ಮೂರು ಸಲ "ಗೋ ಅರೌಂಡ್" ಅಂದಿದ್ದಾರೆ. ಮೂರು ಸಲ! ಯಂತ್ರವೂ ಕೂಗಿದೆ, ವೇಗವಾಗಿ ಇಳೀತಿದೀಯ, ಮೇಲೆತ್ತು ಅಂತ. ಕ್ಯಾಪ್ಟನ್ ಎತ್ತಲಿಲ್ಲ. ಸಹಪೈಲಟ್ ಬಾಯಲ್ಲಿ ಹೇಳಿದ್ರೇ ಹೊರತು ಕೈ ಹಾಕಿ ಕಂಟ್ರೋಲ್ ತಗೊಳ್ಳಲಿಲ್ಲ. ಇದನ್ನ ಮೊದಲ ಸಲ ಓದಿದಾಗ ನನಗೆ ಕ್ಯಾಪ್ಟನ್ ಮೇಲಿಗಿಂತ ಸಹಪೈಲಟ್ ಮೇಲೆ ಸಿಟ್ಟು ಬಂದಿತ್ತು. ಗೊತ್ತಿತ್ತಲ್ಲ ನಿನಗೆ, ಮತ್ಯಾಕೆ ಸುಮ್ನೆ ಕೂತೆ ಅಂತ. ಆ ಸಿಟ್ಟಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ಬೆಂಗಳೂರು. ನನ್ನ ಆಫೀಸು ಗಾಲ್ಫ್ ಲಿಂಕ್ಸ್ ಟೆಕ್ ಪಾರ್ಕಿನಲ್ಲಿದೆ. ಊಟ ಮಾಡಿ ಬಂದು ಕಿಟಕಿ ಹತ್ರ ನಿಂತ್ರೆ ಪಕ್ಕದ ಗಾಲ್ಫ್ ಮೈದಾನದ ಹುಲ್ಲು ಕಾಣುತ್ತೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ದು. ಸೇರಿ ಒಂದು ವರ್ಷದ ತನಕ ನನಗೂ ಅದು ಬರೀ ಹುಲ್ಲೇ ಆಗಿತ್ತು. 1990ರ ಫೆಬ್ರವರಿ 14ರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ರನ್‌ವೇ ಮುಟ್ಟೋ ಮೊದಲು ಬಂದು ಬಡಿದದ್ದು ಇದೇ ಮೈದಾನಕ್ಕೆ. ಮಳೆ ಇಲ್ಲ, ಮಂಜಿಲ್ಲ, ಇಂಜಿನ್ ಕೆಟ್ಟಿಲ್ಲ, ವಿಮಾನ ಹೊಚ್ಚ ಹೊಸ ಏರ್‌ಬಸ್ ಎ320. 146 ಜನರಲ್ಲಿ 92 ಜನ ಸತ್ತರು.

ಮಂಗಳೂರಲ್ಲಿ ಎತ್ತರ ಜಾಸ್ತಿ ಆಗಿದ್ದು, ಇಲ್ಲಿ ಕಮ್ಮಿ ಆಗಿದ್ದು. ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ ಪ್ರಕಾರ, ವಿಮಾನ ಕೊನೇ ಹಂತದಲ್ಲಿ "ಓಪನ್ ಡಿಸೆಂಟ್" ಅನ್ನೋ ಮೋಡ್‌ನಲ್ಲಿತ್ತು. ಅಂದ್ರೆ ಇಂಜಿನ್ ತೂಕಡಿಸ್ತಾ ಇರುತ್ತೆ, ವಿಮಾನ ಜಾರುಬಂಡೆ ಥರ ಇಳೀತಾ ಇರುತ್ತೆ. ಅದು ಯಾಕೆ ಆ ಮೋಡ್‌ಗೆ ಹೋಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದ್ರು. ಆದ್ರೆ ಬಹಳ ಜನ ಒಪ್ಪೋ ವಿವರಣೆ ಒಂದಿದೆ. ಹಾರಿಸ್ತಿದ್ದ ಪೈಲಟ್ ನಿಮಿಷಕ್ಕೆ 700 ಅಡಿಯ ಹಾಗೆ ಇಳಿಸು ಅಂದ್ರು. ಆ ಪ್ಯಾನೆಲ್‌ನಲ್ಲಿ ಎತ್ತರದ ನಾಬು, ಇಳಿಯೋ ವೇಗದ ನಾಬು ಅಕ್ಕಪಕ್ಕ. ಪಕ್ಕದಲ್ಲಿದ್ದವರು, ಅವರೇ ಆವತ್ತು ಪರೀಕ್ಷೆ ಮಾಡೋಕೆ ಕೂತ ಹಿರಿಯರು, ವೇಗದ ನಾಬಿನ ಬದಲು ಎತ್ತರದ ನಾಬು ತಿರುಗಿಸಿ 700 ಇಟ್ಟಿರಬೇಕು ಅಂತ. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. 700 ಅಡಿಗೆ ಇಳಿ ಅಂದ್ರೆ ಭೂಮಿ ಒಳಗೆ ಎರಡು ಸಾವಿರ ಅಡಿ ಹೋಗು ಅಂತ! ಯಂತ್ರಕ್ಕೆ ಏನು ಗೊತ್ತು, ಹೇಳಿದ ಹಾಗೆ ಮಾಡುತ್ತೆ.

ಇದನ್ನ ಓದಿದಾಗ ನಗು ಬರಲಿಲ್ಲ ನನಗೆ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಕಾನ್ಫಿಗ್ ಫೈಲಲ್ಲಿ 30 ಅಂತ ಬರೆದಿದ್ದೆ. ಸೆಕೆಂಡು ಅಂದ್ಕೊಂಡಿದ್ದೆ, ಅದು ಮಿಲಿಸೆಕೆಂಡು. ಎರಡು ಗಂಟೆ ಸೈಟ್ ಮಲಗಿತ್ತು. ಬೈಸಿಕೊಂಡೆ, ಕಾಫಿ ಕುಡಿದೆ, ಮನೆಗೆ ಹೋದೆ. 1992ರ ಜನವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ರ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ 3.3 ಡಿಗ್ರಿ ಇಳಿಜಾರು ಅಂದ್ಕೊಂಡು ಇಟ್ಟದ್ದು, ಯಂತ್ರಕ್ಕೆ ಅರ್ಥ ಆಗಿದ್ದು ನಿಮಿಷಕ್ಕೆ 3,300 ಅಡಿ ಅಂತ, ಹೀಗೇ ಇರಬೇಕು ಅನ್ನೋದು ಹೆಚ್ಚಿನವರ ಲೆಕ್ಕ. ಆ ಪರದೆ ಮೇಲೆ ಒಂದು 3.3 ಅಂತ ಕಾಣೋದು, ಇನ್ನೊಂದು 33 ಅಂತ. ಒಂದು ಚುಕ್ಕಿ ಅಷ್ಟೇ ವ್ಯತ್ಯಾಸ. ಆಮೇಲೆ ನಾಲ್ಕೂ ಅಂಕಿ ಕಾಣೋ ಹಾಗೆ ಬದಲಾಯಿಸಿದ್ರು. ನಮ್ಮ ಕಡೆ ಇದನ್ನ ಯುಐ ಬಗ್ ಅಂತ ಹೇಳಿ, ಮುಂದಿನ ರಿಲೀಸಿಗೆ ನೋಡೋಣ ಅಂತೀವಿ.

ಬೆಂಗಳೂರಿನ ಕಾಕ್‌ಪಿಟ್ಟಿನಲ್ಲೂ ಒಂದು ದನಿ ಇತ್ತು. ಯಂತ್ರದ್ದು. ನೆಲದಿಂದ ನಾನೂರು, ಮುನ್ನೂರು, ಇನ್ನೂರು ಅಂತ ಎಣಿಸ್ತಾ ಬಂತು. ಅಷ್ಟು ಕೇಳಿದ ಮೇಲೂ ಥ್ರಾಟಲ್ ಮುಂದೆ ತಳ್ಳಲಿಲ್ಲ ಅನ್ನೋದನ್ನೇ ತನಿಖೆ ಮುಖ್ಯ ಕಾರಣ ಅಂತ ಬರೆಯಿತು.

ಎತ್ತರ ಅನ್ನೋದೇ ಒಂದು ವಿಚಿತ್ರ ವಸ್ತು ನೋಡಿ. ವಿಮಾನದ ಆಲ್ಟಿಮೀಟರ್ ಅಳೆಯೋದು ಗಾಳಿಯ ಒತ್ತಡ. ನನ್ನ ಹತ್ರ ಕುದುರೆಮುಖ ಟ್ರೆಕ್ಕಿಗೆ ಅಂತ ತಗೊಂಡ ಒಂದು ವಾಚಿದೆ, ಅದೂ ಹಾಗೇ. ಡಿಸೆಂಬರ್‌ನಲ್ಲಿ ಕೊಪ್ಪದ ಮನೆ ಜಗಲಿ ಮೇಲೆ ಸರಿ ಮಾಡಿ ಇಟ್ಟಿದ್ದೆ. ಜುಲೈ ಮಳೇಲಿ ಅದೇ ಜಗಲಿ ಮೇಲೆ ನೋಡಿದ್ರೆ ಮನೆ ಸುಮಾರು 200 ಅಡಿ ಮೇಲೆ ಹೋಗಿದೆ! ಮಳೆಗಾಲದಲ್ಲಿ ಒತ್ತಡ ಇಳಿಯುತ್ತೆ, ವಾಚು ನಾವು ಮೇಲೆ ಹತ್ತಿದ್ವಿ ಅಂದ್ಕೊಳ್ಳುತ್ತೆ. ಅದಕ್ಕೇ ಪ್ರತಿ ಸಲ ಇಳಿಯುವಾಗ ನೆಲದಿಂದ ಆ ಹೊತ್ತಿನ ಒತ್ತಡದ ಅಂಕಿ ಕೇಳಿ ಸರಿ ಮಾಡ್ಕೊಬೇಕು. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಕಂಟ್ರೋಲರ್ 1001 ಅನ್ನೋ ಬದಲು 1011 ಅಂದ್ರು. ಸುಮಾರು 280 ಅಡಿ ವ್ಯತ್ಯಾಸ. ಮಳೆ, ಏನೂ ಕಾಣ್ತಿಲ್ಲ. ಪೈಲಟ್‌ಗಳ ಲೆಕ್ಕದಲ್ಲಿ ಎಲ್ಲಾ ಸರಿ ಇದೆ. ರನ್‌ವೇ ಕಾಣಲಿಲ್ಲ ಅಂತ ನಿಯಮದ ಪ್ರಕಾರ ಮೇಲೆತ್ತಿದ್ರು, ಗೋ ಅರೌಂಡ್. ಆ ಹೊತ್ತಿಗೆ ವಿಮಾನ ನೆಲದಿಂದ ಬರೀ 6 ಅಡಿ ಮೇಲಿತ್ತು, ರನ್‌ವೇ ಇನ್ನೂ ಒಂದು ಮೈಲಿಯ ಹತ್ತಿರ ದೂರ ಇತ್ತು. ಒಬ್ಬರಿಗೂ ಏನೂ ಆಗಲಿಲ್ಲ. ಆರು ಅಡಿ ಅಂದ್ರೆ ನಮ್ಮ ಅಪ್ಪಯ್ಯ ಕೈ ಎತ್ತಿದ್ರೆ ಮುಟ್ಟುತ್ತೆ.

ಇದನ್ನೆಲ್ಲ ವಿಮಾನ ಗಿರಕಿ ಹೊಡೀತಿದ್ದ ಆ ಇಪ್ಪತ್ತು ನಿಮಿಷದಲ್ಲಿ ಅಪ್ಪಯ್ಯನಿಗೆ ಹೇಳಿದೆ. ಸ್ಟ್ರಾಸ್‌ಬರ್ಗ್ ಬಿಟ್ಟು. ಅವರು ಕೇಳಿಸ್ಕೊಂಡು, "ಮೂರು ಸಲ ಹೇಳಿದ್ನಾ ಅವನು?" ಅಂತ ಕೇಳಿ ಸುಮ್ಮನಾದ್ರು. ಎರಡನೇ ಸಲ ನಯವಾಗಿ ಇಳೀತು.

ಈಗ ಆ ಸಿಟ್ಟಿನ ವಿಷಯ.

ಇಂಜಿನಿಯರಿಂಗ್ ಮೂರನೇ ವರ್ಷ. ನರಸಿಂಹರಾಜಪುರದಲ್ಲಿ ಒಂದು ಮದುವೆ, ಹಿಂದಿನ ರಾತ್ರಿಯಿಂದ ಓಡಾಟ, ಬಡಿಸೋದು, ಪಾತ್ರೆ ಲೆಕ್ಕ. ಎಲ್ಲಾ ಮುಗಿಸಿ ಕೊಪ್ಪಕ್ಕೆ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಓಮ್ನಿ. ಚಿಕ್ಕಪ್ಪ ಓಡಿಸ್ತಿದ್ರು, ಪಕ್ಕ ನಾನು, ಹಿಂದೆ ಚಿಕ್ಕಮ್ಮ, ಪಾತ್ರೆ, ಬಾಳೆಗೊನೆ. ಅರ್ಧ ದಾರಿಲಿ ನೋಡ್ತೀನಿ, ಚಿಕ್ಕಪ್ಪನ ರೆಪ್ಪೆ ಇಳೀತಾ ಇದೆ. ಇಳಿದು, ಮತ್ತೆ ಮೇಲೆ. ನನಗೆ ಕಂಡಿತು. ಸ್ಪಷ್ಟವಾಗಿ ಕಂಡಿತು.

"ಚಿಕ್ಕಪ್ಪ, ಎಲ್ಲಾದ್ರೂ ಚಾ ಸಿಗುತ್ತಾ ನೋಡೋಣ್ವಾ?" ಅಂದೆ.

"ಈ ಹೊತ್ತಿಗೆ ಯಾರು ಮಾಡಿಟ್ಟಿರ್ತಾರೆ?"

ಸ್ವಲ್ಪ ಹೊತ್ತು ಬಿಟ್ಟು ಕಿಟಕಿ ಇಳಿಸಿ, "ಸೆಖೆ ಅಲ್ವಾ?" ಅಂದೆ. ಜನವರಿ ತಿಂಗಳು! ಮತ್ತೆ, "ಚಿಕ್ಕಪ್ಪ, ನಾನು ಸ್ವಲ್ಪ ಓಡಿಸ್ಲಾ? ಪ್ರಾಕ್ಟೀಸ್ ಆಗುತ್ತೆ" ಅಂದೆ. ಅವರು ನಕ್ಕು, "ನಾನು ಮೂವತ್ತು ವರ್ಷ ಘಾಟಿ ಇಳಿಸಿದವ ಮಾರಾಯ, ನೀನು ಮಲಗು" ಅಂದ್ರು.

ಎಣಿಸಿದ್ರಾ? ಮೂರು ಸಲ. ಒಂದು ಸಲವೂ ನಾನು "ನಿಮಗೆ ನಿದ್ದೆ ಬರ್ತಿದೆ, ಗಾಡಿ ನಿಲ್ಲಿಸಿ" ಅನ್ನಲಿಲ್ಲ. ಗೇರು ಹಾಕೋದು ಕಲಿಸಿದ ಚಿಕ್ಕಪ್ಪನಿಗೆ ಹೇಗೆ ಅನ್ನೋದು ಅದನ್ನ? ಹತ್ತು ನಿಮಿಷಕ್ಕೆ ಗಾಡಿ ಎಡಕ್ಕೆ ಸರಿದು ಚರಂಡಿ ದಾಟಿ ಧರೆಗೆ ಗುದ್ದಿತು. ನಮ್ಮಿಬ್ಬರಿಗೆ ತರಚು ಗಾಯ. ಚಿಕ್ಕಮ್ಮನ ಬಲಗೈ ಮಣಿಕಟ್ಟು ಪುಡಿ ಆಯ್ತು. ಎರಡು ಆಪರೇಷನ್ ಆದ್ರೂ ಪೂರ್ತಿ ತಿರುಗಲ್ಲ ಅದು. ದನ ಅಡ್ಡ ಬಂತು ಅಂತ ಚಿಕ್ಕಪ್ಪ ಎಲ್ಲರಿಗೂ ಹೇಳಿದ್ರು. ನಾನೂ ಹೌದು ಅಂದೆ. ಆಮೇಲೆ ಯಾವತ್ತೂ ಆ ವಿಷಯ ನಮ್ಮ ಮಧ್ಯೆ ಬರಲಿಲ್ಲ. ಅಹ್ಲುವಾಲಿಯಾ ಮೇಲಿನ ಸಿಟ್ಟು ಮಾತ್ರ ಅವತ್ತಿಗೆ ಹೋಯ್ತು. ಆ ಮನುಷ್ಯ ನನಗಿಂತ ಎಷ್ಟೋ ನೇರವಾಗಿ ಹೇಳಿದ್ದ, ಇದ್ದ ಶಬ್ದವನ್ನೇ ಬಳಸಿ ಹೇಳಿದ್ದ.

ಬಜ್ಪೆಯಿಂದ ಬಾಡಿಗೆ ಕಾರು. ಕೆರೆಕಟ್ಟೆ ದಾಟೋ ಹೊತ್ತಿಗೆ ಡ್ರೈವರ್ ಒಂದೆರಡು ಸಲ ಕಣ್ಣು ಉಜ್ಜಿದ್ದು ಕಂಡಿತು. ವಿಮಾನದಲ್ಲಿ ಅಷ್ಟೆಲ್ಲಾ ಭಾಷಣ ಮಾಡಿದ್ನಲ್ಲ, ತಡ್ಕೊಳ್ಳೋಕಾಗಲಿಲ್ಲ. "ಗಾಡಿ ನಿಲ್ಲಿಸಿ. ನಿಮಗೆ ನಿದ್ದೆ ಬರ್ತಿದೆ" ಅಂದೆ, ಬೇಕಾದ್ದಕ್ಕಿಂತ ಜೋರಾಗಿ. ಆತ ಗಾಬರಿಯಾಗಿ ನಿಲ್ಲಿಸಿ, "ನಿದ್ದೆ ಎಂತದು ಸಾರ್, ಕಣ್ಣಿಗೆ ಎಂತದೋ ಬಿದ್ದಿದೆ" ಅಂದ. ಕನ್ನಡಿಯಲ್ಲಿ ನೋಡ್ಕೊಂಡು ಒಂದು ಸಣ್ಣ ಹುಳ ತೆಗೆದ. ನಾನು ಪೆಚ್ಚು ಮುಖ ಮಾಡಿಕೊಂಡು ಮಳೇಲಿ ನಿಂತಿದ್ದೆ. ಅಪ್ಪಯ್ಯ ನಗ್ತಾರೆ ಅಂದ್ಕೊಂಡೆ. ಅವರು ನಗಲಿಲ್ಲ. ನನ್ನನ್ನೇ ಸುಮಾರು ಹೊತ್ತು ನೋಡಿ, "ನಾಳೆ ಚಿಕ್ಕಪ್ಪನ ಮನೆಗೆ ಹೋಗಿ ಬಾ" ಅಂದ್ರು. ಬೇರೇನೂ ಹೇಳಲಿಲ್ಲ.

ಹೋದೆ. ಚಿಕ್ಕಪ್ಪ ಈಗ ಬಸ್ಸು ಬಿಟ್ಟಿದ್ದಾರೆ, ಒಂದಿಷ್ಟು ಅಡಿಕೆ ನೋಡ್ಕೊಂಡಿದ್ದಾರೆ. ಜಗಲಿಲಿ ಕೂತು ಬೋರ್ಡೋ ಸಿಂಪಡಣೆ, ಕೊಳೆ ರೋಗ, ಕೂಲಿಯವರು ಸಿಗಲ್ಲ, ಎಲ್ಲಾ ಆಯ್ತು. ಕೊನೆಗೆ ಧೈರ್ಯ ಮಾಡಿ, "ಚಿಕ್ಕಪ್ಪ, ಅವತ್ತು ಎನ್.ಆರ್. ಪುರದಿಂದ ಬರುವಾಗ ನಿಮಗೆ ನಿದ್ದೆ ಬರ್ತಿದ್ದದ್ದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ" ಅಂದೆ.

ಅವರು ಅಡಿಕೆ ಕತ್ತರಿಸೋದು ನಿಲ್ಲಿಸಲಿಲ್ಲ.

"ಹೇಳಿದ್ಯಲ್ಲ. ಚಾ ಅಂದಾಗ್ಲೇ ನಂಗೆ ಗೊತ್ತಾಯ್ತು" ಅಂದ್ರು. "ನಿನ್ನೆದುರು ಗಾಡಿ ನಿಲ್ಸೋದು ಹ್ಯಾಗೆ ಅಂತ ನಂಗೆ ನಾಚಿಕೆ ಆಯ್ತು ಮಾರಾಯ."

ಅಷ್ಟರಲ್ಲಿ ಚಿಕ್ಕಮ್ಮ ಒಳಗಿಂದ ಬಂದ್ರು. ಎಡಗೈಯಲ್ಲಿ ಒಂದು ಲೋಟ ಕಾಫಿ ತಂದಿಟ್ಟು, ಇನ್ನೊಂದು ತರೋಕೆ ಮತ್ತೆ ಒಳಗೆ ಹೋದ್ರು.